ಬಿಲ್ಲಿನಿಂದ ಕಾಣೆಯಾದ 57 ಗಂಟೆ

ಆ್ಯಪ್‌ಗಳ ಬರಹ, ಯಂತ್ರಗಳ ಕೈಪಿಡಿ ಇಂಥವನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಗಂಟೆ ಲೆಕ್ಕದಲ್ಲಿ ದುಡ್ಡು. ಹಾಗಾಗಿ ಪಠ್ಯ ಬರೆಯುವ ತಂತ್ರಾಂಶ ಈಮ್ಯಾಕ್ಸ್‌ನ ಆರ್ಗ್ ಮೋಡ್‌ನಲ್ಲಿ (ಟಿಪ್ಪಣಿ, ಕೆಲಸಗಳ ಪಟ್ಟಿ ಇಡುವ ಸೌಲಭ್ಯ) ಪ್ರತಿ ಕೆಲಸಕ್ಕೂ ಕ್ಲಾಕ್ ಹಾಕುತ್ತೇನೆ. ಶುರು ಮಾಡಿದ ಹೊತ್ತು, ನಿಲ್ಲಿಸಿದ ಹೊತ್ತು ಎರಡೂ ಅದೇ ಫೈಲಿನಲ್ಲಿ ಒಂದು ಸಾಲಾಗಿ ಕೂರುತ್ತವೆ. ತಿಂಗಳ ಕೊನೆಗೆ ಕ್ಲಾಕ್‌ಟೇಬಲ್ ಎಲ್ಲವನ್ನೂ ಕೂಡಿಸಿ ಕೊಡುತ್ತದೆ.

ಒಂದು ಸಲ ಬಿಲ್ ಕಳಿಸಿದ ಮರುದಿನವೇ ಫೋನ್ ಬಂತು. "ಸರ್, 38 ಗಂಟೆ ಅಂತ ಹಾಕಿದ್ದೀರಿ. ಈ ತಿಂಗಳು ಇಷ್ಟೇನಾ?" ದುಡ್ಡು ಕೊಡುವವರೇ ಹೀಗೆ ಕೇಳುವುದು ಅಪರೂಪ. ಪುಣ್ಯಾತ್ಮರು.

ಆ ತಿಂಗಳು ನಾನು ಒಂದು ಹೊಸ ಶಿಸ್ತು ಶುರು ಮಾಡಿದ್ದೆ. ಒಂದೇ ದೊಡ್ಡ ಫೈಲನ್ನು ಒಡೆದು ಅನುವಾದ, ಪರಿಶೀಲನೆ, ಮೀಟಿಂಗ್, ಪದಪಟ್ಟಿ ಅಂತ ನಾಲ್ಕು ಮಾಡಿದ್ದೆ. ಮೊದಲು ಅನುಮಾನ ಬಂದದ್ದು ಕ್ಲಾಕ್ ಮೇಲೆ. ಸೆಟ್ಟಿಂಗ್ ಕೆದಕುತ್ತಾ ಒಂದು ಗಂಟೆ ಸುಮ್ನೆ ಹಾಳಾಯಿತು. ಆಮೇಲೆ ಹೊಳೆಯಿತು: ಇದೆಲ್ಲ ಬರೀ ಪಠ್ಯ ಅಲ್ವಾ? ಟರ್ಮಿನಲ್‌ನಲ್ಲಿ ಗ್ರೆಪ್ (ಫೈಲುಗಳಲ್ಲಿ ಬೇಕಾದ ಪದವಿರುವ ಸಾಲುಗಳನ್ನು ಹುಡುಕುವ ಆಜ್ಞೆ) ಹಾಕಿ ಇಡೀ ಫೋಲ್ಡರಿನ ಕ್ಲಾಕ್ ಸಾಲುಗಳನ್ನು ತೆಗೆದೆ. ಎಲ್ಲವೂ ಇದ್ದವು. ಟೇಬಲ್ ಅವನ್ನು ನೋಡುತ್ತಲೇ ಇರಲಿಲ್ಲ.

ಸ್ಕೋಪ್, ಅಂದರೆ ಯಾವ ಫೈಲುಗಳನ್ನು ಕೂಡಿಸಬೇಕು ಅನ್ನುವುದನ್ನು ಹೇಳದಿದ್ದರೆ ಟೇಬಲ್ ತಾನಿರುವ ಫೈಲನ್ನಷ್ಟೇ ಕೂಡಿಸುತ್ತದೆ. ನನ್ನ ಟೇಬಲ್ ಇದ್ದದ್ದು ಅನುವಾದದ ಫೈಲಿನಲ್ಲಿ. ಅದರ ಲೆಕ್ಕ 38:15. ಆರ್ಗ್ ಯಾವ ಫೈಲುಗಳನ್ನು ಗಮನಿಸಬೇಕು ಅನ್ನುವ ಪಟ್ಟಿಗೆ ಅಜೆಂಡಾ ಅಂತ ಹೆಸರು. ಸ್ಕೋಪ್ ಅಜೆಂಡಾ ಅಂತ ಬರೆದು ಕಂಟ್ರೋಲ್-ಸಿ ಎರಡು ಸಲ ಒತ್ತಿದೆ (ಒತ್ತದಿದ್ದರೆ ಹಳೆಯ ಅಂಕಿಯೇ ಕೂತಿರುತ್ತದೆ). 71:40 ಆಯಿತು. ಆದರೂ ಪದಪಟ್ಟಿಯ ಸುಳಿವಿಲ್ಲ.

ಅಜೆಂಡಾಕ್ಕೆ ನಾನು ಕೊಟ್ಟಿದ್ದು ಫೋಲ್ಡರಿನ ಹೆಸರು. ಹಾಗೆ ಕೊಟ್ಟರೆ ಅದು ನೇರವಾಗಿ ಆ ಫೋಲ್ಡರಿನಲ್ಲಿರುವ ಆರ್ಗ್ ಫೈಲುಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ, ಒಳಫೋಲ್ಡರಿಗೆ ಇಳಿಯುವುದಿಲ್ಲ. ಪದಪಟ್ಟಿ ಇದ್ದದ್ದು ಒಳಫೋಲ್ಡರಿನಲ್ಲಿ. ಅದನ್ನು ಬೇರೆಯಾಗಿ ಸೇರಿಸಿದ ಮೇಲೆ 84:10.

ಇನ್ನೂ ಕಡಿಮೆಯೇ. ಉಳಿದದ್ದು ಸಿಕ್ಕಿದ್ದು ಆರ್ಕೈವ್‌ನಲ್ಲಿ. ಮುಗಿದ ಕೆಲಸಗಳನ್ನು ನಾನು ಆಗಾಗ ಆರ್ಕೈವ್ ಮಾಡುತ್ತೇನೆ. ಆಗ ಅವು ತಮ್ಮ ಕ್ಲಾಕ್ ಸಾಲುಗಳ ಸಮೇತ ಇನ್ನೊಂದು ಫೈಲಿಗೆ ಹೋಗುತ್ತವೆ. ಆ ಫೈಲಿನ ಹೆಸರಿನ ಬಾಲ ಬೇರೆ, ಹಾಗಾಗಿ ಅಜೆಂಡಾಕ್ಕೆ ಅದು ಲೆಕ್ಕಕ್ಕಿಲ್ಲ. ನನಗೆ ಜಾಸ್ತಿ ಕಿರಿಕಿರಿಯಾದದ್ದು ಇದೇ. ಮುಗಿದ ಕೆಲಸಕ್ಕೇ ತಾನೇ ದುಡ್ಡು ಕೇಳುವುದು! ಇದಕ್ಕೆಂದೇ 'ಅಜೆಂಡಾ-ವಿತ್-ಆರ್ಕೈವ್ಸ್' ಅನ್ನುವ ಸ್ಕೋಪ್ ಇದೆ. ಹಾಕಿದೆ, 93:30. ಒಂದು ಎಚ್ಚರ: ಈ ಸ್ಕೋಪ್‌ನಲ್ಲಿ ಅಜೆಂಡಾದ ಬೇರೆ ಫೈಲುಗಳ ಗಂಟೆಗಳೂ ಬಂದು ಸೇರುತ್ತವೆ. ಮನೆ ಕೆಲಸಕ್ಕೆ ನಾನು ಕ್ಲಾಕ್ ಹಾಕದ ಕಾರಣ ಬಚಾವಾದೆ.

ಗ್ರೆಪ್ ಪಟ್ಟಿಯಲ್ಲಿ ಒಂದು ಸಾಲು ಮಾತ್ರ ಮೊಟಕಾಗಿತ್ತು. ಶುರು 4:30, ಕೊನೆ ಇಲ್ಲ. ಆ ಸಂಜೆ ಲ್ಯಾಪ್‌ಟಾಪ್ ಚಾರ್ಜ್ ಮುಗಿದು ಆರಿಹೋಗಿತ್ತು. ಕೊನೆಯಿಲ್ಲದ ಸಾಲನ್ನು ಟೇಬಲ್ ಕೂಡಿಸುವುದಿಲ್ಲ. ಇಂಥದ್ದು ಉಳಿದಿದ್ದರೆ ಮುಂದಿನ ಸಲ ಕ್ಲಾಕ್ ಹಾಕುವಾಗ ಆರ್ಗ್ ತಾನಾಗಿಯೇ ಕೇಳುತ್ತದೆ. ಆದರೆ ಅದು ಹುಡುಕುವುದು ಅಜೆಂಡಾದ ಫೈಲುಗಳಲ್ಲಿ ಮತ್ತು ಆಗ ತೆರೆದಿರುವ ಆರ್ಗ್ ಫೈಲುಗಳಲ್ಲಿ. ಈ ಸಾಲು ಇದ್ದದ್ದು ಅದೇ ಪದಪಟ್ಟಿಯಲ್ಲಿ. ಆಮೇಲೆ ನಾನದನ್ನು ತೆರೆದೂ ಇರಲಿಲ್ಲ.

ಎಷ್ಟು ಹೊತ್ತಿಗೆ ನಿಲ್ಲಿಸಿದೆ ಅಂತ ನೆನಪಿನಿಂದ ಹಾಕಲು ಮನಸ್ಸಾಗಲಿಲ್ಲ. ಆ ದಿನ ಮಾಡುತ್ತಿದ್ದ ಕಡತ ಕೊನೆಯದಾಗಿ ಸೇವ್ ಆದ ಹೊತ್ತು ನೋಡಿದೆ, 6:48. ಅದನ್ನೇ ಬರೆದೆ. ತಿದ್ದಿದ ಬಿಲ್ 95 ಗಂಟೆ 48 ನಿಮಿಷದ್ದು. ಗ್ರೆಪ್ ಪಟ್ಟಿಯನ್ನೂ ಜೊತೆಗಿಟ್ಟು ಕಳಿಸಿದೆ. ಅವರು ಮರುಮಾತಿಲ್ಲದೆ ಪಾಸ್ ಮಾಡಿದರು.