ಕೊಡ ತುಂಬುವಷ್ಟರಲ್ಲಿ

18 ಜನವರಿ 2025, ಶನಿವಾರ
ಪೆರ್ಲ

ಸಂಶೋಧನಾ ವಿದ್ಯಾರ್ಥಿಗಳ ಪ್ರಶಸ್ತಿಯ ಅರ್ಜಿಯಲ್ಲಿ ಮೂರನೆಯ ಪುಟಕ್ಕೆ ಬಂದು ನಿಂತಿದ್ದೇನೆ. ‘ಸಂಶೋಧನೆಯಿಂದ ಸಮಾಜಕ್ಕೆ ಆಗುವ ಉಪಯೋಗ, ಅಂಕಿಅಂಶಗಳೊಂದಿಗೆ.’ ಎಲ್ಲ ವಿಭಾಗದವರಿಗೂ ಒಂದೇ ಅರ್ಜಿ. ಭೂವಿಜ್ಞಾನದ ಗೆಳತಿ ನಿನ್ನೆಯೇ ತುಂಬಿಸಿ ಕಳುಹಿಸಿದಳು. ಅವಳದ್ದು ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡವಾಗಿ ತೋಡುವ ಸುರಂಗಗಳ ಇಳುವರಿ, ನನ್ನದು ಸುರಂಗ ತೋಡುವವರ ಮಾತು. ಇಬ್ಬರಿಗೂ ನಮ್ಮ ಮನೆಯ ಹಿಂದಿನ ಗುಡ್ಡದ್ದೇ ಸುರಂಗ! ಅವಳು ಕೊಡ ಇಟ್ಟು ಗಡಿಯಾರ ನೋಡಿದಳು, ನಾಲ್ಕು ನಿಮಿಷಕ್ಕೆ ತುಂಬಿತು. ನಾನು ಪಕ್ಕದಲ್ಲಿ ಕುಳಿತು, ಜಿನುಗುವ ನೀರಿಗೆ ತೋಡುವವರು ಹೇಳುವ ‘ಒಸರು’ ಎಂಬ ಮಾತನ್ನು ಬರೆದುಕೊಂಡೆ.

ಅವಳಿಗೆ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಇದೆ, 2023ರಿಂದ ತಿಂಗಳಿಗೆ 37 ಸಾವಿರ. ನನಗೆ ನೆಟ್ ಪರೀಕ್ಷೆ ಪಾಸಾಗದವರಿಗೆ ಸಿಗುವ 8 ಸಾವಿರ. ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾಗುತ್ತದೆ.

ಅರ್ಜಿ ದಾಟಿದರೆ ಸಂಶೋಧನೆಯ ಬಗ್ಗೆ ಮೂರು ನಿಮಿಷದ ಭಾಷಣ. 2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಪದ್ಧತಿ. ತೋರಿಸಲು ಒಂದೇ ಒಂದು ಚಿತ್ರ, ಮೂರು ನಿಮಿಷ ಮೀರಿದರೆ ಸ್ಪರ್ಧೆಯಿಂದಲೇ ಹೊರಗೆ. ನಮ್ಮ ಸುರಂಗದಲ್ಲಿ ಅಷ್ಟು ಹೊತ್ತಿಗೆ ಕೊಡವೂ ತುಂಬುವುದಿಲ್ಲ.

ಸಂಜೆ ತೋಟದಾಚೆಯ ಅಜ್ಜನ ಮನೆಗೆ ಹೋದೆ. ಅಜ್ಜ ಅಂಗಳದಲ್ಲಿ ಚಾಲಿ ಅಡಿಕೆ ಹೆಕ್ಕುತ್ತಿದ್ದರು. ಕಡಿಮೆ ದರ್ಜೆಯ ಪಟೋರ ಒಂದು ಕಡೆ, ಕರಿಗೋಟು ಒಂದು ಕಡೆ. ಯೌವನದಲ್ಲಿ ಎಷ್ಟು ಸುರಂಗ ತೋಡಿದ್ದಾರೋ ಅವರಿಗೇ ಲೆಕ್ಕವಿಲ್ಲ. ಭಾಷಣದ ವಿಷಯ ಹೇಳಿದೆ.

“ಮೂರು ನಿಮಿಷ ಯಾಕೆ? ಅವರಿಗೆ ಬಸ್ಸಿಗೆ ಹೋಗಲಿಕ್ಕಿದೆಯಾ?” ಎಂದು ತುಳುವಿನಲ್ಲಿ ಕೇಳಿದರು.

ನಕ್ಕೆ. ಅಜ್ಜ ನಗಲಿಲ್ಲ. ಕೈಯಲ್ಲಿದ್ದ ಅಡಿಕೆಯನ್ನು ಎರಡು ಸಲ ತಿರುಗಿಸಿ ನೋಡಿ ಕರಿಗೋಟಿಗೆ ಹಾಕಿದರು. ಆಮೇಲೆ ತಾವಾಗಿಯೇ ಹೇಳತೊಡಗಿದರು. ಮುರಕಲ್ಲು ಎಷ್ಟು ಗಟ್ಟಿಯಾದರೂ ಹೆದರಿಕೆಯಿಲ್ಲ, ಮೆತ್ತನೆಯ ಜೇಡಿ ಸಿಕ್ಕಿದರೆ ಹೆದರಬೇಕು. ಮಣ್ಣನ್ನು ಅಡಿಕೆ ಹಾಳೆಯಲ್ಲಿ ಎಳೆದು ಹೊರಗೆ ತರುವವನು ಒಳಗಿನವನ ಸದ್ದಿಗೆ ಕಿವಿ ಕೊಟ್ಟಿರಬೇಕು. ಚಿಮಿಣಿ ದೀಪ ಸಣ್ಣಗಾದರೆ ಗಾಳಿ ಸಾಲದು ಎಂದರ್ಥ, ಪಿಕಾಸಿ ಅಲ್ಲೇ ಬಿಟ್ಟು ಹಿಂದೆ ಬರಬೇಕು. “ಬಂದರೂ ತಿರುಗಲಿಕ್ಕೆ ಜಾಗ ಎಲ್ಲಿ? ಹಿಮ್ಮುಖವಾಗಿಯೇ ಬರುವುದು.” ಕುಳಿತಲ್ಲೇ ಮೊಣಕೈ ಒತ್ತಿ ಹಿಂದೆ ಸರಿದು ತೋರಿಸಿದರು. ಎಂಬತ್ತು ದಾಟಿದ ಮೈ, ಆ ಸರಿದಾಟ ಮಾತ್ರ ನಿನ್ನೆ ಕಲಿತಂತಿತ್ತು.

ಇದನ್ನು ಯಾವ ಅಂಕಿಯಲ್ಲಿ ಬರೆಯಲಿ? ತೀರ್ಪುಗಾರರಲ್ಲಿ ಒಬ್ಬರು ಭೌತವಿಜ್ಞಾನದವರು, ಒಬ್ಬರು ಅರ್ಥಶಾಸ್ತ್ರದವರಂತೆ. ‘ಒಸರು ಬಂತು’ ಎನ್ನುವುದಕ್ಕೂ ‘ನೀರು ಬಂತು’ ಎನ್ನುವುದಕ್ಕೂ ನಡುವೆ ಕೆಲವೊಮ್ಮೆ ಒಂದು ತಿಂಗಳ ಕೆಲಸ ಇರುತ್ತದೆ ಎಂದು ಅಜ್ಜ ಹೇಳಿದ್ದನ್ನು ಅವರ ಮುಂದೆ ಹೇಗಾದರೂ...

ಅರ್ಜಿಗೆ ಸೋಮವಾರ ಕೊನೆಯ ದಿನ. ಮಾರ್ಗದರ್ಶಕಿ ಮೇಡಂ ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಚಿತ್ರಕ್ಕೆ ಆ ಚಿಮಿಣಿ ದೀಪವೇ ಸಾಕು ಎನ್ನಿಸುತ್ತಿದೆ. ಅಟ್ಟದಲ್ಲಿ ಇರಬೇಕು ಎಂದಿದ್ದಾರೆ ಅಜ್ಜ, ಆದರೆ ಅವರ ಸೊಸೆ ಹಳೆಯ ಸಾಮಾನನ್ನೆಲ್ಲ ಮೊನ್ನೆ ಗುಜರಿಯವನಿಗೆ