ಹಾಳೆಟೊಪ್ಪಿ ಹೊಲಿಯಲು ಡಿಸೈನ್ ಕಾಲೇಜು ಬೇಕಾ?

ಮದುವೆ ಊಟದ ಪಂಕ್ತಿಯಲ್ಲಿ, ಉಡುಪಿ ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಕೊನೆಗೆ ಹಲ್ಲಿನ ಡಾಕ್ಟರ ಎದುರು ಬಾಯಿ ತೆರೆದು ಕುಳಿತಿದ್ದಾಗಲೂ ಜನ ನನ್ನನ್ನು ಕೇಳಿದ ಪ್ರಶ್ನೆ ಒಂದೇ: “ಈಗ ಎಲ್ಲ ಕಂಪ್ಯೂಟರಿನಲ್ಲೇ ಆಗುತ್ತದಲ್ಲ, ಮತ್ತೆ ಮಕ್ಕಳ ಕೈಯಲ್ಲಿ ಇದನ್ನೆಲ್ಲ ಎಂತಕ್ಕೆ ಮಾಡಿಸುವುದು?” ಬಾಯಿ ತೆರೆದಿದ್ದಾಗ ಉತ್ತರ ಕೊಡಲಾಗಲಿಲ್ಲ. ಉಳಿದ ಕಡೆಗಳಲ್ಲಿ ಕೊಟ್ಟು ಕೊಟ್ಟು ಸಾಕಾಗಿರುವುದರಿಂದ ಒಮ್ಮೆ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನನ್ನ ಕೆಲಸ ಇಷ್ಟು: ಮಂಗಳೂರು, ಉಡುಪಿ, ಮಣಿಪಾಲದ ಕಾಲೇಜುಗಳಲ್ಲಿ ಫ್ಯಾಷನ್, ಇಂಟೀರಿಯರ್, ಗ್ರಾಫಿಕ್, ಪ್ರಾಡಕ್ಟ್ ಎಂದು ಬೇರೆ ಬೇರೆ ವಿಭಾಗಗಳಲ್ಲಿ ಡಿಸೈನ್ ಓದುತ್ತಿರುವ ವಿದ್ಯಾರ್ಥಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಮೂರು ದಿನ ಒಂದೇ ವಸ್ತುವಿನ ಜೊತೆ ಏಗುವಂತೆ ಮಾಡುವುದು. ಇದನ್ನು ವರ್ಕ್‌ಶಾಪ್ ಎಂದು ಹೇಳಿದಾಗ “ಯಾವ ಗಾಡಿಯದ್ದು?” ಎಂದು ಕೇಳಿದವರೂ ಇದ್ದಾರೆ, ಅವರ ಮೇಲೆ ನನಗೆ ಸಿಟ್ಟಿಲ್ಲ, ಏಕೆಂದರೆ ಕೈಗೆ ಮಸಿ ಹತ್ತುವ ಕೆಲಸ ಎಂಬಷ್ಟನ್ನಾದರೂ ಅವರು ಸರಿಯಾಗಿಯೇ ಊಹಿಸಿದ್ದಾರೆ. ಸಿಟ್ಟು ಬರುವುದು ಆ “ಮಾಡಿಸುವುದು” ಎಂಬ ಕ್ರಿಯಾಪದದ ಮೇಲೆ. ಕಂಪ್ಯೂಟರಿನಲ್ಲಿ ಮಕ್ಕಳು ‘ಮಾಡುತ್ತಾರೆ’, ಕೈಯಲ್ಲಿ ಮಾತ್ರ ಯಾರೋ ‘ಮಾಡಿಸುತ್ತಾರೆ’; ಅಂದರೆ ಮೊದಲನೆಯದು ವಿದ್ಯೆ, ಎರಡನೆಯದು ಬಿಟ್ಟಿ ಚಾಕರಿ.

ಈ ಪ್ರಶ್ನೆಯನ್ನು ಅತ್ಯಂತ ಖಾರವಾಗಿ ಕೇಳಿದವರು ಪುತ್ತೂರು ಕಡೆಯ ಒಬ್ಬ ತಂದೆ. ಆ ಸಲ ನಾವು ತೆಗೆದುಕೊಂಡ ವಸ್ತು ಅಡಿಕೆ ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದಲ್ಲಿ ಮರವನ್ನು ಸುತ್ತಿಕೊಂಡಿರುವ ದಪ್ಪ ಪೊರೆ. ಕಲಿಸಲು ಬೆಳ್ತಂಗಡಿ ಕಡೆಯಿಂದ ಬಂದಿದ್ದವರು, ಮುಟ್ಟಾಳೆ ಹೊಲಿಯುವುದರಲ್ಲಿ ಕೈ ಪಳಗಿದ ಎಪ್ಪತ್ತು ದಾಟಿದ ಅಜ್ಜ. ಮುಟ್ಟಾಳೆ ಎಂದರೆ ಹಾಳೆಟೊಪ್ಪಿ. ಗದ್ದೆ ತೋಟಗಳಲ್ಲಿ ದುಡಿಯುವವರ ತಲೆಯನ್ನು ಬಿಸಿಲಿನಿಂದಲೂ, ಹೊರೆಯ ಒತ್ತಿನಿಂದಲೂ, ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವಾಗ ಮೇಲಿನಿಂದ ತೊಟ್ಟಿಕ್ಕುವ ಮೈಲುತುತ್ತದ ದ್ರಾವಣದಿಂದಲೂ ಕಾಯುವ ಟೊಪ್ಪಿ. ಕೊನೆಯ ದಿನ ಪ್ರದರ್ಶನಕ್ಕೆ ಬಂದ ಆ ತಂದೆ, ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಇಪ್ಪತ್ತೆಂಟು ಮುಟ್ಟಾಳೆಗಳನ್ನು ನೋಡಿ, ನನ್ನ ಕಡೆಗೆ ತಿರುಗಿ ಹೇಳಿದರು: “ಮೇಡಂ, ನನ್ನ ಅಪ್ಪ ಇದನ್ನು ತಲೆಗಿಟ್ಟುಕೊಂಡು ತೋಟಕ್ಕೆ ಹೋದದ್ದು ನಾನು ಹಾಗೆ ಹೋಗಬಾರದು ಎಂದು. ನಾನು ಇಷ್ಟು ಫೀಸು ಕಟ್ಟಿ ಮಗಳನ್ನು ಕಳಿಸಿದ್ದು ಇದನ್ನು ಹೊಲಿಯುವುದಕ್ಕಾ?”

ಅಲ್ಲಿ ನಾನು ಕೊಟ್ಟ ಉತ್ತರ ತೀರಾ ಕೆಟ್ಟದಾಗಿತ್ತು. ಸಂಸ್ಕೃತಿ, ಪರಂಪರೆ, ಬೇರು ಎಂದೆಲ್ಲ ಹೇಳಿದೆ. ಬೇರಿನಿಂದ ಬಿಡಿಸಿಕೊಳ್ಳಲೆಂದೇ ಒಂದು ತಲೆಮಾರು ಬೆವರು ಸುರಿಸಿದ ಮನುಷ್ಯನ ಎದುರು ಹೇಳುವ ಮಾತೇ ಅದು? ನಿಜವಾದ ಉತ್ತರ ಅದೇ ಕೋಣೆಯ ಮೂಲೆಯಲ್ಲಿ, ಕಸದ ಬುಟ್ಟಿಯ ಪಕ್ಕದಲ್ಲಿ ಬಿದ್ದಿತ್ತು. ಅವರಿಗೆ ಅದನ್ನು ತೋರಿಸಬೇಕಿತ್ತು.

ಪ್ರಾಡಕ್ಟ್ ವಿಭಾಗದ ಒಬ್ಬ ಹುಡುಗ ಮೊದಲ ದಿನವೇ ಟೊಪ್ಪಿಯನ್ನು ಬದಿಗಿಟ್ಟು, ತಾನು ಹಾಳೆಯಿಂದ ಊಟದ ಬಟ್ಟಲು ಮಾಡುತ್ತೇನೆ ಎಂದು ಲ್ಯಾಪ್‌ಟಾಪಿನಲ್ಲಿ ಚಿತ್ರ ಬರೆದು ತಂದಿದ್ದ: ಚೌಕ ಬಾಯಿ, ನಾಲ್ಕೂ ಕಡೆ ನೆಟ್ಟಗೆ ನಿಂತ ಗೋಡೆ, ಚೂಪು ಮೂಲೆ. ಪರದೆಯ ಮೇಲೆ ಅದು ಬಹಳ ಚೆಂದವಿತ್ತು, ಹಾಳೆಯ ಬಣ್ಣವನ್ನೂ ಗೆರೆಗಳನ್ನೂ ಮೇಲೆ ಅಂಟಿಸಿದ್ದರಿಂದ ಆಗಲೇ ತಯಾರಾಗಿ ಅಂಗಡಿಗೆ ಬಂದಂತೆ ಕಾಣುತ್ತಿತ್ತು. ಅಜ್ಜ ಅದನ್ನು ನೋಡಿ ಏನೂ ಹೇಳಲಿಲ್ಲ, ನೀರಿನಲ್ಲಿ ನೆನೆಸಿಟ್ಟಿದ್ದ ಒಂದು ಹಾಳೆಯನ್ನು ಎತ್ತಿ ಅವನ ಕೈಗೆ ಕೊಟ್ಟರು. ನೆನೆದ ಹಾಳೆ ಚರ್ಮದ ಹಾಗೆ ಮೆತ್ತಗಿರುತ್ತದೆ, ಹೇಳಿದಂತೆ ಬಾಗುತ್ತದೆ. ಆದರೆ ಅದರ ನಾರೆಲ್ಲ ಒಂದೇ ದಿಕ್ಕಿಗೆ ಹರಿದಿರುವುದರಿಂದ ಆ ದಿಕ್ಕಿನಲ್ಲಿ ಎಳೆದರೆ ಎತ್ತು ಎಳೆದರೂ ಜಗ್ಗದು, ಅಡ್ಡಕ್ಕೆ ಎಳೆದರೆ ಮಗುವಿನ ಕೈಗೂ ಸೀಳುತ್ತದೆ. ಹುಡುಗ ಅಚ್ಚಿನ ಮೇಲಿಟ್ಟು ಒತ್ತಿದ, ಮೂಲೆ ಸೀಳಿತು. ಇನ್ನೊಂದನ್ನು ಒತ್ತಿದ, ಅದೂ ಸೀಳಿತು. ಏಳನೆಯದು ಸೀಳಿದ ಮೇಲೆ ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿದ; ಹನ್ನೊಂದನೆಯದರ ಹೊತ್ತಿಗೆ ಆಳವನ್ನು ಅರ್ಧಕ್ಕೆ ಇಳಿಸಿದ; ಮೂರನೆಯ ದಿನ ಅವನ ಕೈಯಲ್ಲಿದ್ದದ್ದು ದುಂಡು ಅಂಚಿನ, ಹೆಚ್ಚು ಆಳವಿಲ್ಲದ, ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳುವಾದ ಬಟ್ಟಲು. ಮಾರುಕಟ್ಟೆಯಲ್ಲಿ ಸಿಗುವ ಹಾಳೆ ತಟ್ಟೆಗಳೆಲ್ಲ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಏಕಿವೆ ಎಂಬುದು ಅವನಿಗೆ ಆಗ ಹೊಳೆಯಿತು. ಕಸದ ಬುಟ್ಟಿಯ ಪಕ್ಕದಲ್ಲಿದ್ದ ಸೀಳಿದ ಹಾಳೆಗಳ ರಾಶಿ ಅವನದು. ಬಿಸಿ ಅಚ್ಚು ಮಾಡಿಸಲು ಕಬ್ಬಿಣದ ಕೆಲಸದವರಿಗೆ ದುಡ್ಡು ಕೊಟ್ಟ ಮೇಲೆ ಇದು ತಿಳಿದಿದ್ದರೆ ಎಷ್ಟು ಸಾವಿರ ಮಣ್ಣುಪಾಲಾಗುತ್ತಿತ್ತು ಎಂದು ಲೆಕ್ಕ ಹಾಕಿ.

ಅಂದರೆ ಆ ಮೂರು ದಿನಗಳಲ್ಲಿ ಯಾರೂ ಮುಟ್ಟಾಳೆ ಹೊಲಿಯುವುದನ್ನು ಕಲಿಯಲಿಲ್ಲ. ಮೂರು ದಿನದಲ್ಲಿ ಯಾವ ಕಸುಬೂ ಕೈಗೆ ಹತ್ತುವುದಿಲ್ಲ, ಅಜ್ಜನಿಗೆ ಅದು ಕೂಡಿಬರಲು ವರ್ಷಗಳೇ ಹಿಡಿದಿದ್ದವು. ಕಂಪ್ಯೂಟರಿನೊಳಗೆ ಹಾಳೆ, ಹೆಂಚು, ರೇಷ್ಮೆ, ಕಬ್ಬಿಣ ಎಲ್ಲವೂ ಒಂದೇ ರೀತಿಯಲ್ಲಿ ವಿಧೇಯವಾಗಿರುತ್ತವೆ. ಯಾವುದೂ ಆಗುವುದಿಲ್ಲ ಎನ್ನುವುದಿಲ್ಲ. ಆಗುವುದಿಲ್ಲ ಎಂಬ ಮಾತನ್ನು ವಸ್ತುವಿನ ಬಾಯಿಂದಲೇ ಕೇಳಿಸುವುದು ನನ್ನ ಸಂಬಳದ ಕೆಲಸ.

ಇನ್ನೊಂದು ಸಲ ಇಂಟೀರಿಯರ್ ವಿಭಾಗದವರಿಗೆ ಇದನ್ನು ಹೆಂಚೇ ಹೇಳಿತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಊರಿನ ಹೆಸರೇ ಹೆಂಚಿಗೆ ಅಂಟಿಕೊಂಡಿದೆ, ಆದರೆ ಈ ಊರಿನಲ್ಲೇ ಓದುತ್ತಿರುವ ಮಕ್ಕಳಲ್ಲಿ ಒಂದು ಹೆಂಚನ್ನು ಕವುಚಿ ನೋಡಿದವರು ಇಬ್ಬರು. ಉಳಿದವರು ಪಕ್ಕಾಸುಗಳ (ಛಾವಣಿಯ ಇಳಿಜಾರು ತೊಲೆಗಳ) ಮೇಲೆ ರೀಪುಗಳನ್ನು (ಹೆಂಚು ಕೂರುವ ಅಡ್ಡ ಪಟ್ಟಿಗಳನ್ನು) ತಮ್ಮ ಚಿತ್ರದಲ್ಲಿದ್ದಂತೆ ಸಮಪಾಲಾಗಿ ಹೊಡೆದರು. ಹೆಂಚು ಹಿಂಬದಿಯ ಗುಬುಟಿನಿಂದ, ಅಂದರೆ ಉಬ್ಬಿನಿಂದ, ರೀಪಿಗೆ ಕಚ್ಚಿಕೊಳ್ಳಬೇಕು, ಆದ್ದರಿಂದ ರೀಪುಗಳ ಅಂತರವನ್ನು ಹೇಳುವುದು ಹೆಂಚು, ಚಿತ್ರವಲ್ಲ. ಅದನ್ನು ಸರಿಪಡಿಸಿ, ನೋಟಕ್ಕೆ ಚೆಂದವೆಂದು ಇಳಿಜಾರನ್ನು ತೀರಾ ಕಡಿಮೆ ಇಟ್ಟು ಜೋಡಿಸಿದ ಮಾಡಿನ ಮೇಲೆ ನಾನು ಎರಡು ಕೊಡಪಾನ ನೀರು ಸುರಿದೆ. ಕೆಳಗೆ ನಿಂತು ವಿಡಿಯೋ ಮಾಡುತ್ತಿದ್ದ ಹುಡುಗಿ ಒದ್ದೆಯಾದಳು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಈ ಪಾಠವನ್ನು ಎರಡು ಕೊಡಪಾನದಲ್ಲಿ ಮುಗಿಸಿದ್ದು ಅಗ್ಗವೇ ಆಯಿತು.

ಇದೆಲ್ಲ ನನ್ನ ಹೊಸ ಹುಚ್ಚು ಎಂದುಕೊಂಡವರಿಗಾಗಿ ಒಂದು ಮಾತು. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಬೌಹೌಸ್ ಎಂಬ ಕಲೆ ಮತ್ತು ಡಿಸೈನ್ ಶಾಲೆ ತೆರೆದಾಗ ಅದರ ಪಾಠದ ಮುಖ್ಯ ಭಾಗ ನಡೆಯುತ್ತಿದ್ದದ್ದು ನೇಯ್ಗೆ, ಮರ, ಲೋಹ, ಮಣ್ಣಿನ ಕಾರ್ಯಾಗಾರಗಳಲ್ಲಿ. ನಮ್ಮಲ್ಲಿ, ಅಮೆರಿಕದ ಡಿಸೈನರುಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಅತ್ಯಂತ ಹೊಗಳಿಸಿಕೊಂಡ ವಸ್ತು ದಿನಬಳಕೆಯ ಲೋಟಾ, ಅಂದರೆ ನಮ್ಮ ತಂಬಿಗೆ. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ತಂಬಿಗೆಗೆ ಸಿಕ್ಕ ಮರ್ಯಾದೆ ಮುಟ್ಟಾಳೆಗೆ ಸಿಗಬಾರದೆಂದೇನೂ ಇಲ್ಲ.

ಬೌಹೌಸ್‌ನ ಹೆಸರು ಎತ್ತಿದ ಮೇಲೆ ಅಲ್ಲಿಯ ಇನ್ನೊಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ಆರಂಭದ ವರ್ಷಗಳಲ್ಲಿ ಪ್ರತಿ ಕಾರ್ಯಾಗಾರಕ್ಕೂ ಇಬ್ಬರು ಗುರುಗಳಿದ್ದರು, ಒಬ್ಬ ಕಲಾವಿದ, ಇನ್ನೊಬ್ಬ ಕುಶಲಕರ್ಮಿ. ಆದರೆ ಶಾಲೆಯ ನಿರ್ಧಾರಗಳಲ್ಲಿ ಮತವಿದ್ದದ್ದು ಕಲಾವಿದನಿಗೆ. ಕುಶಲಕರ್ಮಿ ಸಲಹೆ ಕೊಡಬಹುದಿತ್ತು, ಅಷ್ಟೆ. ಇದನ್ನು ಓದಿದಾಗ ನನಗೆ ಅಜ್ಜನ ನೆನಪಾಯಿತು. ಇಷ್ಟು ವರ್ಷಗಳಲ್ಲಿ ಒಬ್ಬರೂ ನನ್ನನ್ನು “ಕಲಿಸಲು ಬಂದವರಿಗೆ ಎಷ್ಟು ಕೊಟ್ಟಿರಿ, ಯಾವಾಗ ಕೊಟ್ಟಿರಿ?” ಎಂದು ಕೇಳಿಲ್ಲ. ಕೇಳಿದ್ದರೆ ತಲೆ ತಗ್ಗಿಸಬೇಕಾಗುತ್ತಿತ್ತು, ಆದರೂ ಕೇಳಬೇಕಾಗಿದ್ದ ಪ್ರಶ್ನೆ ಅದು.

ಅಜ್ಜ ಎರಡು ಗೋಣಿ ಹಾಳೆ ಹೊತ್ತು ಬಸ್ಸಿನಲ್ಲಿ ಬಂದರು, ಗೋಣಿಗಳಿಗೂ ಕಂಡಕ್ಟರ್ ಟಿಕೆಟ್ ಹರಿದಿದ್ದ. ಅದೇ ವಾರ ಒಂದು ಗಂಟೆಯ ಉಪನ್ಯಾಸಕ್ಕೆ ಬೆಂಗಳೂರಿನಿಂದ ಬಂದ ಡಿಸೈನರಿಗೆ ವಿಮಾನದ ಖರ್ಚು, ಏಸಿ ಕೋಣೆ, ಬಜ್ಪೆ ವಿಮಾನ ನಿಲ್ದಾಣಕ್ಕೆ ಕಾರು. ಮಕ್ಕಳು ಅಜ್ಜನನ್ನು “ಸರ್” ಎಂದು ಕರೆದರೆ ಅವರು ತಿರುಗಿಯೇ ನೋಡುತ್ತಿರಲಿಲ್ಲ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡಿದ್ದರು. ಸಮಾರೋಪದಲ್ಲಿ ಶಾಲು, ಹಣ್ಣಿನ ಬುಟ್ಟಿ, ಇಂಗ್ಲಿಷಿನಲ್ಲಿ ಅಚ್ಚಾದ ಕಟ್ಟು ಹಾಕಿದ ಸರ್ಟಿಫಿಕೇಟು ಕೊಟ್ಟರು. ಗೌರವಧನ ಕೊಡಲಿಲ್ಲ, ಅದಕ್ಕೆ ಪ್ಯಾನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ‘ಕೊಟೇಶನ್’ ಎಂಬ ಇನ್ನೊಂದು ಕಾಗದ ಬೇಕಿತ್ತು. ಮುಟ್ಟಾಳೆಗೆ ಕೊಟೇಶನ್! ಹಣ ಅವರ ಖಾತೆಗೆ ಬಿದ್ದದ್ದು ನಾಲ್ಕು ತಿಂಗಳ ನಂತರ. ಆ ಸಂಸ್ಥೆಯನ್ನು ಬೈಯುವುದು ಸುಲಭ, ಆದರೆ ಆ ಕಾಗದಗಳಿಗೆ ಸಂಯೋಜಕಿ ಎಂದು ಸಹಿ ಹಾಕಿದವಳು ನಾನೇ, ಮತ್ತು ಪೋಸ್ಟರಿನಲ್ಲಿ ನನ್ನ ಹೆಸರು ಅವರದ್ದಕ್ಕಿಂತ ದೊಡ್ಡ ಅಕ್ಷರದಲ್ಲಿತ್ತು.

ಪುತ್ತೂರಿನ ಆ ತಂದೆಯ ವಿಷಯ ಅರ್ಧಕ್ಕೆ ಬಿಟ್ಟೆ. ನನ್ನ ಪರಂಪರೆಯ ಭಾಷಣ ಮುಗಿಯುವುದರೊಳಗೆ ಅವರು ಮಗಳ ಮುಟ್ಟಾಳೆಯನ್ನು ಎತ್ತಿ, ಕವುಚಿ ಹಿಡಿದು, ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ, “ಇದು ಎರಡು ದಿನ ಬಾಳುವುದಿಲ್ಲ, ಮಡಿಕೆಯನ್ನು ನಾರಿಗೆ ಅಡ್ಡ ಹಾಕಿದ್ದಾಳೆ” ಎಂದರು. ಅಜ್ಜ ಎದ್ದು ಬಂದು ನೋಡಿ, ಹೌದು ಎಂದರು. ಆಮೇಲೆ ಇಬ್ಬರೂ ತುಳುವಿನಲ್ಲಿ ಈ ವರ್ಷದ ಅಡಿಕೆ ಧಾರಣೆಯ ಬಗ್ಗೆ ಮಾತನಾಡುತ್ತ ಹೊರಗೆ ಹೋದರು. ಅಷ್ಟು ವಿಷಯ ತಿಳಿದು ಮೌಲ್ಯಮಾಪನ ಮಾಡಿದವರು ಆ ದಿನ ಬೇರೆ ಯಾರೂ ಇರಲಿಲ್ಲ, ನಮ್ಮ ತೀರ್ಪುಗಾರರನ್ನೂ ಸೇರಿಸಿ.

ಡಿಸೆಂಬರಿನಲ್ಲಿ ಮತ್ತೆ ಹಾಳೆಯ ಕಾರ್ಯಾಗಾರವಿದೆ. ಬರುತ್ತೀರಾ ಎಂದು ಅಜ್ಜನಿಗೆ ಫೋನು ಮಾಡಿದ್ದೆ. ಬರುತ್ತೇನೆ, ಆದರೆ ಗೋಣಿಗೆ ಕಾರು ಕಳಿಸಿ, ಹಣ ಮೊದಲ ದಿನವೇ ಕೈಗೆ ಕೊಡಿ, ಸರ್ಟಿಫಿಕೇಟು ಬೇಡ, ಹೋದ ಸಲದ್ದರ ಗಾಜು ಬಸ್ಸಿನಲ್ಲೇ ಒಡೆಯಿತು ಎಂದರು. ಕಾಲೇಜಿನವರಿಗೆ ಪತ್ರ ಬರೆದಿದ್ದೇನೆ. ಕಾರಿಗೆ ಒಪ್ಪಿದ್ದಾರೆ, ಹಣದ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ.