ಎಡಗಡೆಯ ನಟ್ಟು ಮಾತ್ರ ಸಡಿಲವಾಗಿತ್ತು

ದೇವರಾಯನದುರ್ಗದ ಏರಿನಲ್ಲಿ ನಿಂತುಹೋದ ಸೈಕಲ್ಲು ಶನಿವಾರ ಬೆಳಿಗ್ಗೆ ಲಗೇಜ್ ಆಟೋದಲ್ಲಿ ತುಮಕೂರಿಗೆ ಇಳಿದು ಬಂತು. ಏಳು ಗೇರಿನ ಕಬ್ಬಿಣದ ಫ್ರೇಮು. ಹಿಂದಿನ ಚಕ್ರಕ್ಕೆ 36 ವೋಲ್ಟ್, 250 ವ್ಯಾಟ್‌ನ ಗೇರ್ ಹಬ್ ಮೋಟರ್ ಕಿಟ್ಟು, ಅಂದರೆ ಚಕ್ರದ ನಡುವೆಯೇ ಕೂರುವ ಮೋಟರು, ಹಾಕಿಸಿದ್ದರು. ಕ್ಯಾರಿಯರ್ ಮೇಲೆ ಗುಡಿ ಮುಂದಿನ ಅಂಗಡಿಗೆ ಹೊರಟಿದ್ದ ತೆಂಗಿನಕಾಯಿ ಮೂಟೆ ಇನ್ನೂ ಬಿಚ್ಚದೆ ಹಾಗೇ ಇತ್ತು.

‘ನಟ್ಟು ಗಟ್ಟಿಯಾಗೇ ಹಾಕಿದ್ವಿ ಅಣ್ಣ. ಸ್ಪಾನರ್‌ಗೆ ಪೈಪ್ ತೊಡಿಸಿ ತಿರುಗಿಸಿದ್ವಿ. ಆದ್ರೂ ಟಕ್ ಅಂತು, ಆಮೇಲೆ ಗಾಡಿ ಮುಂದಕ್ಕೇ ಹೋಗಲಿಲ್ಲ.’

ಸೈಕಲ್ ತಂದವರ ಮಾತು ಸುಳ್ಳಲ್ಲ. ಬಲಗಡೆಯ ನಟ್ಟು ಬಿಚ್ಚಲು ಈಗಲೂ ಪೈಪೇ ಬೇಕಾಯಿತು. ಎಡಗಡೆಯದು ಮಾತ್ರ ಬೆರಳಲ್ಲೇ ತಿರುಗುತ್ತಿತ್ತು. ಬಲಗಡೆ ಕಚ್ಚಿಕೊಂಡು ಎಡಗಡೆ ಬಿಟ್ಟಿದ್ದರೆ ಮೋಟರಿನ ಆಕ್ಸೆಲ್, ಅಂದರೆ ನಡುವಿನ ಅಚ್ಚು, ತಿರುಗಿದೆ ಅಂತ ಅಲ್ಲೇ ಅನುಮಾನಪಡಬಹುದು. ಮೋಟರು ಚಕ್ರವನ್ನು ಮುಂದಕ್ಕೆ ನೂಕುವಾಗ ಅಷ್ಟೇ ಬಲದಿಂದ ಆಕ್ಸೆಲ್ಲನ್ನು ಹಿಂದಕ್ಕೆ ತಿರುಚುತ್ತದೆ. ಎರಡೂ ಬದಿಗೆ ಇರುವುದು ಮಾಮೂಲಿ ಬಲಸುತ್ತಿನ ಮರೆ, ನಟ್ಟು ಹತ್ತುವ ಸುರುಳಿ ಗೀರು. ಆಕ್ಸೆಲ್ ಹಿಂದಕ್ಕೆ ಹೊರಳಿದರೆ ಬಲದ ನಟ್ಟು ತಾನಾಗಿ ಬಿಗಿಯುತ್ತದೆ, ಎಡದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಚಕ್ರ ಇಳಿಸುವ ಮೊದಲು ವೈರ್ ನೋಡಿದ್ದಾಯಿತು. ಈ ಮೋಟರಿಗೆ ಕೇಬಲ್ ಬಲಗಡೆ, ಆಕ್ಸೆಲ್ಲಿನ ಟೊಳ್ಳಿನಿಂದ ಹೊರಬರುತ್ತದೆ. ಅದು ಬಟ್ಟೆ ಹಿಂಡಿದ ಹಾಗೆ ಎರಡು ಸುತ್ತು ಸುತ್ತಿಕೊಂಡು, ಆಕ್ಸೆಲ್ ಬಾಯಿಯ ಅಂಚಿಗೆ ಸಿಕ್ಕಿ ಹೊರಕವಚ ಹರಿದಿತ್ತು. ಚಕ್ರವನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿದರೆ ಗಡಗಡ ಅಂತ ತಡೆಯುತ್ತಿತ್ತು. ಹಿಂದಕ್ಕೇ ತಿರುಗಿಸಿ ನೋಡಬೇಕು. ಗೇರ್ ಹಬ್ಬಿನೊಳಗೆ ಕ್ಲಚ್ ಇರುವುದರಿಂದ ಮುಂದಕ್ಕೆ ತಿರುಗಿಸಿದರೆ ಮೋಟರು ಸುತ್ತುವುದೇ ಇಲ್ಲ, ಏನೂ ಗೊತ್ತಾಗುವುದಿಲ್ಲ. ಮೋಟರಿಗೆ ಕರೆಂಟ್ ಹಂಚುವ ಕಂಟ್ರೋಲರಿನ ಕನೆಕ್ಟರ್ ಬಿಚ್ಚಿದ ಮೇಲೂ ತಡೆ ಹೋಗಲಿಲ್ಲ. ಅಂದರೆ ಶಾರ್ಟ್ ಇರುವುದು ಕೇಬಲಿನಲ್ಲೋ ಮೋಟರಿನಲ್ಲೋ. ಮೋಟರಿಗೆ ಕರೆಂಟ್ ಒಯ್ಯುವ ಮೂರು ದಪ್ಪ ವೈರುಗಳಲ್ಲಿ, ಫೇಸ್ ಅನ್ನುತ್ತೇವಲ್ಲ ಅವುಗಳಲ್ಲಿ, ಹಸಿರು, ನೀಲಿ ಎರಡರ ತಾಮ್ರ ಒಂದಕ್ಕೊಂದು ಅಂಟಿತ್ತು. ಶಾರ್ಟ್ ಕಂಟ್ರೋಲರನ್ನೂ ಬಿಟ್ಟಿರಲಿಲ್ಲ. ಬ್ಯಾಟರಿಯ ನೆಗೆಟಿವ್‌ನಿಂದ ಮೂರು ಫೇಸ್‌ಗೂ ಮಲ್ಟಿಮೀಟರ್ ಹಿಡಿದರೆ ಓದು ಹೆಚ್ಚುಕಮ್ಮಿ ಒಂದೇ ಬರಬೇಕು. ಇಲ್ಲಿ ಹಸಿರಿಗೆ ಸೊನ್ನೆ. ಕಂಟ್ರೋಲರಿನೊಳಗೆ ಸ್ವಿಚ್ಚಿನ ಕೆಲಸ ಮಾಡುವ ಮಾಸ್‌ಫೆಟ್ ಹೋಗಿದೆ. ತೆಳು ವೈರುಗಳಲ್ಲಿ ಕೆಂಪನೆಯದು ಫೇಸ್ ವೈರಿಗೆ ತಾಗಿರದಿದ್ದುದು ಪುಣ್ಯ. ತಾಗಿದ್ದರೆ ಮೋಟರು ಎಷ್ಟು ತಿರುಗಿದೆ ಅಂತ ಗುರುತಿಸುವ 5 ವೋಲ್ಟಿನ ಹಾಲ್ ಸೆನ್ಸರುಗಳಿಗೆ 36 ವೋಲ್ಟ್ ನುಗ್ಗುತ್ತಿತ್ತು.

ಒಂದು ವಾಷರ್ ಸರಿಯಿಲ್ಲದ್ದಕ್ಕೆ ತೆತ್ತ ಬೆಲೆ ಇದು. ಕೆಲಸ ಅರ್ಥವಾಗಬೇಕಾದರೆ ಸ್ವಲ್ಪ ಲೆಕ್ಕ ಹಾಕಬೇಕು.

ಹಬ್ ಮೋಟರಿನ ಆಕ್ಸೆಲ್ 12 ಮಿ.ಮೀ ದುಂಡು, ಎರಡು ಬದಿ ಚಪ್ಪಟೆ. ಚಪ್ಪಟೆಯಿಂದ ಚಪ್ಪಟೆಗೆ 10 ಮಿ.ಮೀ. ಫ್ರೇಮಿನಲ್ಲಿ ಆಕ್ಸೆಲ್ ಕೂರುವ ಸೀಳಿಗೆ, ಡ್ರಾಪ್‌ಔಟ್ ಅನ್ನುತ್ತೇವಲ್ಲ ಅದಕ್ಕೆ, ಸಿಗುವ ಹಿಡಿತ ಈ ಚಪ್ಪಟೆಗಳಿಂದ ಮಾತ್ರ. ಒಂದೊಂದು ಚಪ್ಪಟೆಯ ಅಗಲ ಬರೀ 6.6 ಮಿ.ಮೀ. ಇಂಥ ಮೋಟರು ಏರಿನಲ್ಲಿ 40 ನ್ಯೂಟನ್ ಮೀಟರ್‌ನಷ್ಟು ತಿರುಚು ಬಲ ಕೊಡುತ್ತದೆ ಅಂದುಕೊಳ್ಳಿ. ನಟ್ಟಿನ ಉಜ್ಜು ಹಿಡಿತ ಬಿಟ್ಟ ಗಳಿಗೆಯಲ್ಲಿ ಅಷ್ಟೂ ಬಲ ಚಪ್ಪಟೆಯ ಎರಡು ಮೂಲೆಗಳ ಮೇಲೆ ಬೀಳುತ್ತದೆ. ಒಂದೊಂದು ಮೂಲೆಗೆ ಸುಮಾರು 600 ಕೆ.ಜಿ ಭಾರ ಹೇರಿದ ಹಾಗೆ. ಸೀಳಿನ ಅಂಚು ಜಜ್ಜಿಹೋಗದೆ ಇನ್ನೇನಾಗುತ್ತದೆ?

ಸೀಳು 10.5 ಮಿ.ಮೀ ಇದ್ದರೂ ಸಾಕು, ಆಕ್ಸೆಲ್ ನಾಲ್ಕೂವರೆ ಡಿಗ್ರಿ ಅಲ್ಲಾಡುತ್ತದೆ. ಪ್ರತಿ ಸಲ ಥ್ರಾಟಲ್ ಕೊಟ್ಟಾಗಲೂ ಸುತ್ತಿಗೆ ಏಟು ಬಿದ್ದಂತೆ ಮೂಲೆ ಬಡಿಯುತ್ತದೆ, ಸೀಳು ಇನ್ನಷ್ಟು ಅಗಲವಾಗುತ್ತದೆ. 12 ಮಿ.ಮೀ ಆಯಿತೋ, ಆಕ್ಸೆಲ್ ಸರಾಗವಾಗಿ ಗಿರಗಿರ. ಈ ಸೈಕಲ್ಲಿನ ಎಡ ಸೀಳು ವರ್ನಿಯರಿನಲ್ಲಿ ಒಳಗಡೆ 11.2, ಬಾಯಿ ಹತ್ತಿರ 12ಕ್ಕೂ ಜಾಸ್ತಿ. ಒಳಗಡೆ ಅರದ ಗೆರೆಗಳು ಎದ್ದು ಕಾಣುತ್ತಿದ್ದವು. ಆಕ್ಸೆಲ್ ಸುಲಭವಾಗಿ ಇಳಿಯಲಿ ಅಂತ ಯಾರೋ ಧಾರಾಳವಾಗಿ ಅರ ಹಾಕಿದ್ದರು. ಬಿಗಿಯಾಗಿ ಒತ್ತಿ ಕೂರಿಸುವಷ್ಟೇ ಅರ ಹಾಕಬೇಕು, ಅದೂ ಎರಡೆರಡು ಎಳೆತಕ್ಕೊಮ್ಮೆ ಆಕ್ಸೆಲ್ ಇಟ್ಟು ನೋಡಿಕೊಂಡು.

ಕಿಟ್ಟಿನ ಜೊತೆ ಬರುವ ನಾಲಿಗೆ ವಾಷರ್ ಇತ್ತು, ಆದರೆ ನಾಲಿಗೆ ಸೀಳಿನೊಳಗೆ ಕೂತಿರಲಿಲ್ಲ. ಹೊರಗೆ, ಬಣ್ಣದ ಮೇಲೆ ಜಜ್ಜಿ ಚಪ್ಪಟೆಯಾಗಿತ್ತು. ಅದರ ಮೇಲೆ ಸ್ಪ್ರಿಂಗ್ ವಾಷರ್, ಮತ್ತೊಂದು ದಪ್ಪ ವಾಷರ್. ಇಷ್ಟು ಪೇರಿಸಿದ ಮೇಲೆ ನಟ್ಟಿಗೆ ಉಳಿದದ್ದು ಅರ್ಧ ಮರೆ. ನಟ್ಟಿನ ಹೊರಗೆ ಕಡೇಪಕ್ಷ ಎರಡು ಸುತ್ತು ಮರೆ ಕಾಣಲೇಬೇಕು. ಫ್ರೇಮಿನ ಬಣ್ಣ ಕೆರೆದಿರಲಿಲ್ಲ. ವಾಷರ್ ಅಡಿಯ ಬಣ್ಣ ಒತ್ತಡಕ್ಕೆ ಕೂತು ತೆಳುವಾದಂತೆಲ್ಲ ನಟ್ಟಿನ ಬಿಗಿ ಇಳಿಯುತ್ತಾ ಹೋಗುತ್ತದೆ.

ಕೆಲಸ ಸೀಳಿನಿಂದ ಶುರುವಾಯಿತು. ಕಬ್ಬಿಣದ ಫ್ರೇಮಾದ್ದರಿಂದ ಮಾತ್ರ ಇದು ಸಾಧ್ಯ. 10 ಮಿ.ಮೀ ಡ್ರಿಲ್ ಬಿಟ್ಟಿನ ಹಿಂಬದಿಯನ್ನು ಸೀಳಿನಲ್ಲಿಟ್ಟು, ವೈಸಿನಲ್ಲಿ ನಿಧಾನಕ್ಕೆ ಒತ್ತಿ, ಬಿಟ್ಟು ಬಿಗಿಯಾಗಿ ಜಾರುವಷ್ಟಕ್ಕೆ ತಂದದ್ದು. ಅಲ್ಯುಮಿನಿಯಂ ಫ್ರೇಮಾಗಿದ್ದರೆ ಒತ್ತಬಾರದು, ವೆಲ್ಡಿಂಗ್ ಅಂತೂ ಕೂಡದು. ಸೀಳು ಅಗಲವಾದ ಅಲ್ಯುಮಿನಿಯಂ ಒಳಗೇ ಬಿರುಕು ಬಿಟ್ಟಿರಬಹುದು, ಬಿಸಿ ತಾಗಿದರೆ ಮೆತ್ತಗಾಗುತ್ತದೆ.

ಹಾಗೆ ಒತ್ತಿದ ಸೀಳನ್ನು ಇನ್ನು ನಂಬುವ ಹಾಗಿಲ್ಲ. ತಿರುಚು ಬಲವನ್ನು ಬೇರೆಡೆಗೆ ಸಾಗಿಸಬೇಕು, ಅದಕ್ಕೇ ಟಾರ್ಕ್ ಆರ್ಮ್. 6 ಮಿ.ಮೀ ದಪ್ಪ, 30 ಮಿ.ಮೀ ಅಗಲದ ಕಬ್ಬಿಣದ ಪಟ್ಟಿ. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಲೇಸರ್ ಕಟಿಂಗ್ ಮಾಡಿಸಬಹುದಿತ್ತು, ಒಂದು ತುಂಡಿಗೆ ಅಷ್ಟು ದೂರ ಯಾಕೆ? ಮೊದಲು 9.5 ಮಿ.ಮೀ ತೂತು. ಆಮೇಲೆ ಚಪ್ಪಟೆ ಅರದಲ್ಲಿ ಎದುರುಬದುರಿನ ಎರಡು ಅಂಚು 10ಕ್ಕೆ, ಅರೆದುಂಡು ಅರದಲ್ಲಿ ಉಳಿದ ಎರಡು ಬದಿ 12ಕ್ಕೆ. ಕೊನೆಯ ಹತ್ತನೇ ಒಂದು ಮಿಲಿಮೀಟರಿಗೇ ಅರ್ಧ ಗಂಟೆ ಹಿಡಿಯಿತು. ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರಷ್ಟೇ ಕೂರುವ ಹಾಗೆ ಬರಬೇಕು. ಕೈಯಲ್ಲೇ ಜಾರಿ ಕೂತರೆ ಆ ಪಟ್ಟಿ ಗುಜರಿಗೆ.

ಕೂರಿಸುವುದು ಎಡಗಡೆ. ಬಲಗಡೆಯ ತುದಿ ಕೇಬಲಿಗಾಗಿ ಟೊಳ್ಳು, ಎಡದ್ದು ಗಟ್ಟಿ.

ಇನ್ನೊಂದು ತುದಿ ಎಲ್ಲಿ ಅನ್ನುವುದರಲ್ಲೇ ಹೆಚ್ಚಿನವರು ಎಡವುವುದು. ಆಕ್ಸೆಲ್ ಹಿಂದಕ್ಕೆ ಹೊರಳುವಾಗ ಮುಂದಕ್ಕೆ ಚಾಚಿದ ಪಟ್ಟಿಯ ತುದಿ ಮೇಲಕ್ಕೆ ಏಳಲು ನೋಡುತ್ತದೆ. ಆದ್ದರಿಂದ ಆ ತುದಿ ಚೈನ್ ಸ್ಟೇ, ಅಂದರೆ ಆಕ್ಸೆಲ್ಲಿನಿಂದ ಪೆಡಲಿನ ಕಡೆ ಹೋಗುವ ಪೈಪಿನ ಕೆಳಗೆ ಇರಬೇಕು. ಆಗ ಅದು ಪೈಪಿಗೇ ಒತ್ತುತ್ತದೆ, ಕ್ಲಿಪ್ಪಿನ ಕೆಲಸ ಬರೀ ಜಾರದಂತೆ ಹಿಡಿಯುವುದು. ಮೇಲೆ ಇಟ್ಟರೆ ಇಡೀ ಬಲ ಹೋಸ್ ಕ್ಲಿಪ್ಪಿನ ತೆಳು ಪಟ್ಟಿಯ ಮೇಲೆ ಬಂದು, ಅದು ಎಳೆದುಹೋಗುತ್ತದೆ. ಸೀಟಿನ ಕಡೆ ಏರುವ ಪೈಪಿಗೆ ಕಟ್ಟುವುದಾದರೆ ಪೈಪಿನ ಮುಂದುಗಡೆ. ತುದಿ ಆಕ್ಸೆಲ್ಲಿನಿಂದ 100 ಮಿ.ಮೀ ದೂರ ಇದ್ದರೆ ಪೈಪಿನ ಮೇಲೆ ಬೀಳುವುದು ಸುಮಾರು 40 ಕೆ.ಜಿ. ಮೂಲೆಯ 600 ಎಲ್ಲಿ, ಈ 40 ಎಲ್ಲಿ. ಕ್ಯಾರಿಯರ್ ಬೋಲ್ಟಿನ ತೂತಿಗೆ ಸಿಕ್ಕಿಸುವುದು ಸುಲಭ ನಿಜ, ಆದರೆ ಅದು ಆಕ್ಸೆಲ್ಲಿಗೆ ತೀರಾ ಹತ್ತಿರ, ಬಲ ಮೂರು ನಾಲ್ಕು ಪಟ್ಟು. ಪಟ್ಟಿಗೂ ಪೈಪಿಗೂ ನಡುವೆ ಟ್ಯೂಬ್ ರಬ್ಬರ್ ಇಡುವ ಅಭ್ಯಾಸ ಬೇಡ, ಅದೇ ಅಲ್ಲಾಡಲು ಜಾಗ ಕೊಡುತ್ತದೆ. ಒಂದು ಸುತ್ತು ಇನ್ಸುಲೇಷನ್ ಟೇಪ್ ಸಾಕು.

ಬ್ರೇಕ್ ಹಿಡಿದರೆ ಬ್ಯಾಟರಿಗೆ ಚಾರ್ಜ್ ಮರಳುವ, ಗೇರಿಲ್ಲದ ದೊಡ್ಡ ಹಬ್ ಮೋಟರಾಗಿದ್ದರೆ ತಿರುಚು ಎರಡೂ ದಿಕ್ಕಿಗೆ ಬರುತ್ತದೆ. ಅದಕ್ಕೆ ಎರಡೂ ಬದಿಗೆ ಪಟ್ಟಿ ಬೇಕು.

ಜೋಡಣೆಗೆ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿದ್ದು, ಭಾರಕ್ಕೆ ಆಕ್ಸೆಲ್ ಸೀಳಿನ ತಳ ಮುಟ್ಟಲಿ ಅಂತ. ಬಣ್ಣ ಕೆರೆದ ಸೀಳು, ಅದರೊಳಗೆ ನಾಲಿಗೆ ಕೂತ ವಾಷರ್, ಪಟ್ಟಿ, ಒಂದು ಚಪ್ಪಟೆ ವಾಷರ್, ನಟ್ಟು. ಸ್ಪ್ರಿಂಗ್ ವಾಷರ್ ಡಬ್ಬಿಗೆ. ಬಿಗಿ 40 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದವರಿಗೆ: 200 ಮಿ.ಮೀ ಉದ್ದದ ಸ್ಪಾನರಿನ ತುದಿಯಲ್ಲಿ 20 ಕೆ.ಜಿ ಬಲ. ಪೈಪ್ ತೊಡಿಸಿದರೆ ಟೊಳ್ಳು ಆಕ್ಸೆಲ್ಲಿನ ಮರೆ ಕಿತ್ತುಬರುತ್ತದೆ, ಆಮೇಲೆ ಮೋಟರನ್ನೇ ಬಿಚ್ಚಬೇಕು. ಹರಿದ ಕೇಬಲನ್ನಂತೂ ಮೋಟರಿನ ಮುಚ್ಚಳ ತೆಗೆದು ಒಳಗಿನಿಂದಲೇ ಬದಲಾಯಿಸಿದ್ದಾಗಿತ್ತು. ಆಕ್ಸೆಲ್ಲಿನ ಹೊರಗೆ ಗಂಟು ಹಾಕಿದರೆ ಮಳೆಗಾಲಕ್ಕೆ ನಿಲ್ಲುವುದಿಲ್ಲ. ಹೊರಬಂದ ಕೇಬಲ್ ಮೊದಲು ಕೆಳಗೆ ಬಾಗಿ ಆಮೇಲೆ ಮೇಲೇರಬೇಕು, ಇಲ್ಲದಿದ್ದರೆ ನೀರು ಅದರ ಗುಂಟವೇ ಮೋಟರಿಗೆ ಇಳಿಯುತ್ತದೆ.

ಕೊನೆಗೆ ನಟ್ಟು, ಪಟ್ಟಿ, ಫ್ರೇಮು ಮೂರರ ಮೇಲೂ ಹಾಯುವಂತೆ ಕೆಂಪು ನೇಲ್ ಪಾಲಿಶ್‌ನಲ್ಲಿ ಒಂದೇ ಗೆರೆ. ಹೊಸ ಕಂಟ್ರೋಲರ್ ಹಾಕಿ, ಮುಂದಿನ ಬ್ರೇಕ್ ಒತ್ತಿ ಹಿಡಿದು ನಿಧಾನಕ್ಕೆ ಥ್ರಾಟಲ್ ಕೊಟ್ಟಾಗ ಗೆರೆ ಕದಲಲಿಲ್ಲ. 20 ಕಿ.ಮೀ ಓಡಿದ ಮೇಲೆ ಒಮ್ಮೆ, 100ಕ್ಕೆ ಇನ್ನೊಮ್ಮೆ ಬಿಗಿ ನೋಡಿಸಬೇಕು ಅಂತ ಹೇಳಿ ಕಳಿಸಿದ್ದಾಯಿತು.

ಹತ್ತು ದಿನಕ್ಕೆ ಸೈಕಲ್ ಬಂತು. ಗೆರೆ ಮೂರು ಕಡೆ ತುಂಡಾಗಿತ್ತು. ಉರ್ಡಿಗೆರೆ ಹತ್ತಿರ ಪಂಚರ್ ಆಗಿ ಚಕ್ರ ಬಿಚ್ಚಿಸಿದ್ದರಂತೆ. ಪಂಚರ್ ಹಾಕಿದವರು ಎಲ್ಲವನ್ನೂ ಶ್ರದ್ಧೆಯಿಂದಲೇ ವಾಪಸ್ ಜೋಡಿಸಿದ್ದರು, ಪಟ್ಟಿಯ ತುದಿಯೊಂದನ್ನು ಮಾತ್ರ ಪೈಪಿನ ಮೇಲಕ್ಕೆ ತಂದು ಕ್ಲಿಪ್ ಹಾಕಿದ್ದರು. ಕ್ಲಿಪ್ ಆಗಲೇ ಅರ್ಧ ಎಳೆದಿತ್ತು. ತುದಿಯನ್ನು ಮತ್ತೆ ಕೆಳಕ್ಕೆ ಇಳಿಸಿ, ಹೊಸ ಕ್ಲಿಪ್ ಹಾಕಿ, ಪೈಪಿನ ಮೇಲೆ ಬಿಳಿ ಪೇಂಟಿನಲ್ಲಿ ‘ಪಟ್ಟಿ ಕೆಳಗೆ’ ಅಂತ ಬರೆದು ಒಂದು ಬಾಣ ಎಳೆದದ್ದಾಯಿತು.